ಬಾರ್ಮತ್ ಪೇಟೆಯನ್ನು ಬೆಟ್ಟದಿಂದ ಕೆಳಕ್ಕೆ ನೋಡುವ ಕ್ರಮ

ವೇಲ್ಸ್‌ನ ಪಶ್ಚಿಮ ಕರಾವಳಿಯಲ್ಲಿ, ಮೌದಖ್ ನದಿಯು ಕಾರ್ಡಿಗನ್ ಕೊಲ್ಲಿಯನ್ನು ಸೇರುವ ಕಡೆ, ಬೆಟ್ಟಕ್ಕೂ ನೀರಿಗೂ ನಡುವಿನ ಇಕ್ಕಟ್ಟಿನಲ್ಲಿ ಬಾರ್ಮತ್ ಎಂಬ ಪುಟ್ಟ ಪೇಟೆಯಿದೆ. ಇಲ್ಲಿ ಕಾಯಂ ಆಗಿ ವಾಸಿಸುವವರು ಎರಡೂವರೆ ಸಾವಿರದ ಆಸುಪಾಸು. ಬೇಸಿಗೆಯಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಅದರ ಸುತ್ತಿನ ಕೈಗಾರಿಕಾ ಊರುಗಳಿಂದ ಜನ ಬಂದು ತುಂಬಿಕೊಂಡಾಗ, ಇದು ಐಸ್‌ಕ್ರೀಮ್, ಕರಿದ ಮೀನು ಮತ್ತು ಮರಳಿನ ಬಕೆಟ್ಟುಗಳನ್ನು ಮಾರುವ ಮಾಮೂಲಿ ಕಡಲತೀರದ ಊರಿನಂತೆಯೇ ಕಾಣುತ್ತದೆ. ರೈಲಿನಿಂದಿಳಿದವರಲ್ಲಿ ಹೆಚ್ಚಿನವರು ನೇರವಾಗಿ ಮರಳಿನ ಕಡೆಗೆ ಹೋಗಿ, ಸಂಜೆ ಅದೇ ದಾರಿಯಲ್ಲಿ ಹಿಂದಿರುಗುತ್ತಾರೆ. ಈ ಊರಿನ ಪರಂಪರೆಯನ್ನು ನೋಡಬೇಕೆಂದು ಬರುವವರು ಮಾತ್ರ ಅದಕ್ಕೆ ವಿರುದ್ಧವಾಗಿ, ಸಮುದ್ರಕ್ಕೆ ಬೆನ್ನು ಹಾಕಿ ಆರಂಭಿಸಬೇಕು ಎಂಬುದು ನನ್ನ ಸಲಹೆ. ಇಲ್ಲಿ ನೋಡತಕ್ಕದ್ದೆಲ್ಲ ಬಂಡೆಯ ಮೇಲೆ, ಬಂದರುಕಟ್ಟೆಯ ಅಂಚಿನಲ್ಲಿ ಮತ್ತು ಅಳಿವೆಗೆ ಅಡ್ಡಲಾಗಿ ನಿಂತಿರುವ ಮರದ ಸೇತುವೆಯಲ್ಲಿದೆ.

ಮೊದಲು ಹೆಸರಿನ ವಿಚಾರ. ವೆಲ್ಷ್ ಭಾಷೆಯಲ್ಲಿ ಊರಿನ ಹೆಸರು ಅಬರ್‌ಮೌ, ಆಡುಮಾತಿನಲ್ಲಿ ಬೆರ್ಮೋ. 'ಅಬರ್' ಎಂದರೆ ನಮ್ಮ ಕರಾವಳಿಯವರು ಅಳಿವೆ ಎನ್ನುವುದೇ ಆಗಿದೆ, ಅಂದರೆ ನದಿ ಕಡಲಿಗೆ ತೆರೆದುಕೊಳ್ಳುವ ಬಾಯಿ. ಅಬರಿಸ್ಟ್‌ವಿತ್, ಅಬರ್‌ಡವಿ ಮುಂತಾದ ಹತ್ತಿರದ ಊರುಗಳ ಹೆಸರಿನಲ್ಲಿಯೂ ಇದೇ ಪದವಿದೆ. ಇಂಗ್ಲಿಷಿನ ಬಾರ್ಮತ್ ಎಂಬುದು ಈ ವೆಲ್ಷ್ ಹೆಸರು ಅನ್ಯರ ನಾಲಿಗೆಯಲ್ಲಿ ಸವೆದು ಉಳಿದ ರೂಪ. ಫಲಕಗಳೆಲ್ಲ ಎರಡು ಭಾಷೆಗಳಲ್ಲಿರುತ್ತವೆ. ಅಂಗಡಿಯೊಳಗೆ ಕಾಲಿಟ್ಟಾಗ 'ಬೋರೆ ದಾ' ಎಂದು ಬೆಳಗಿನ ವಂದನೆ ಹೇಳಿ, ಹೊರಡುವಾಗ 'ದಿಯೋಲ್ಖ್' ಎಂದು ಕೃತಜ್ಞತೆ ಹೇಳಿದರೆ, ನಿಮ್ಮ ಉಚ್ಚಾರ ಎಷ್ಟೇ ಕೆಟ್ಟಿದ್ದರೂ ಎದುರಿನವರ ಮುಖ ಅರಳುತ್ತದೆ. ಅಲ್ಪಸಂಖ್ಯೆಯ ನುಡಿಯನ್ನು ಉಳಿಸಿಕೊಳ್ಳಲು ಹೆಣಗುವ ಜನರ ಈ ಸಂತೋಷ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದದ್ದಲ್ಲ.

ಯಾವಾಗ, ಹೇಗೆ ಹೋಗಬೇಕು

ಎರಡು ದಿನ ಮತ್ತು ನಡುವೆ ಒಂದು ರಾತ್ರಿಯನ್ನು ಇಟ್ಟುಕೊಳ್ಳಿ. ಮೇ, ಜೂನ್ ಮತ್ತು ಸೆಪ್ಟೆಂಬರ್ ತಿಂಗಳುಗಳು ಉತ್ತಮ. ಶಾಲೆಗಳಿಗೆ ರಜೆಯಿರುವ ಆಗಸ್ಟಿನಲ್ಲಿ ಕೊಠಡಿ ಸಿಗುವುದು ಕಷ್ಟ. ಚಳಿಗಾಲದಲ್ಲಿ ದೋಣಿಯೂ ಆಚೆ ದಡದ ಪುಟಾಣಿ ರೈಲೂ ಇರುವುದಿಲ್ಲವಾದ್ದರಿಂದ ಎರಡನೆಯ ದಿನದ ಸುತ್ತು ಸಾಧ್ಯವಾಗುವುದಿಲ್ಲ.

ಕಾರು ಇದ್ದರೂ ರೈಲಿನಲ್ಲಿಯೇ ಬನ್ನಿ. ಬರ್ಮಿಂಗ್‌ಹ್ಯಾಮ್‌ನಿಂದ ಸುಮಾರು ನಾಲ್ಕು ಗಂಟೆಗಳ ಪ್ರಯಾಣ. ಮಖಂಥ್ಲೆತ್ ನಿಲ್ದಾಣದಲ್ಲಿ ಗಾಡಿ ಎರಡಾಗಿ ಒಡೆದು, ಒಂದು ಭಾಗ ಅಬರಿಸ್ಟ್‌ವಿತ್‌ಗೂ ಇನ್ನೊಂದು ಭಾಗ ಉತ್ತರದ ಪುಥ್ಲೇಲಿಗೂ ಹೋಗುತ್ತದೆ. ಬಾರ್ಮತ್‌ಗೆ ಹೋಗುವವರು ಪುಥ್ಲೇಲಿಯ ಡಬ್ಬಿಯಲ್ಲಿ ಕುಳಿತಿರಬೇಕು. ನಿದ್ದೆಗೆ ಜಾರಿ ತಪ್ಪು ಡಬ್ಬಿಯಲ್ಲಿ ಉಳಿದುಬಿಟ್ಟರೆ ಅರ್ಧ ದಿನ ಹಾಳಾಗುತ್ತದೆ. ಸಾಧಾರಣವಾಗಿ ಎರಡು ಗಂಟೆಗೊಂದು ಗಾಡಿ ಮಾತ್ರ. ಮಖಂಥ್ಲೆತ್ ದಾಟಿದ ಮೇಲೆ ಹಳಿಯು ಕಡಲಿನ ಅಂಚಿಗೆ ಅಂಟಿಕೊಂಡು ಸಾಗುವಾಗ ಎಡಗಡೆಯ ಕಿಟಕಿ ಚೆನ್ನ. ಮೌರ್ಫಾ ಮೌದಖ್ ಎಂಬ ಚಿಕ್ಕ ನಿಲ್ದಾಣ ಬಂದೊಡನೆ ಎದ್ದು ಬಲಗಡೆಗೆ ಹೋಗಿ. ಮುಂದಿನ ಕೆಲವು ನಿಮಿಷಗಳಲ್ಲಿ ಗಾಡಿ ನಿಧಾನವಾಗಿ ಅಳಿವೆಯ ಮೇಲೆ ಸಾಗುತ್ತದೆ. ಕೆಳಗೆ ನೀರು ಅಥವಾ, ಇಳಿತದ ಹೊತ್ತಾದರೆ, ಮರಳಿನ ದಿಬ್ಬಗಳ ನಡುವೆ ಹಾವಿನಂತೆ ಹರಿಯುವ ಕಾಲುವೆಗಳು. ಬಲಕ್ಕೆ ಹಿಂದೆ 893 ಮೀಟರ್ ಎತ್ತರದ ಕಾದೈರ್ ಇದ್ರಿಸ್ ಬೆಟ್ಟ. ಈ ಸೇತುವೆಯನ್ನು ನಾಳೆ ನಡೆದು ದಾಟಲಿಕ್ಕಿದೆ.

ಮೊದಲ ದಿನ: ಬಂಡೆಯ ಮೇಲಿನ ಊರು

ನಿಲ್ದಾಣದಿಂದ ಹೊರಬಂದು ಮುಖ್ಯ ಬೀದಿಯನ್ನು ಸೇರಿದರೆ, ಅಂಗಡಿಸಾಲಿನ ಹಿಂದೆ ಗೋಡೆಯಂತೆ ಎದ್ದ ಬಂಡೆ ಕಾಣುತ್ತದೆ. ಹಳೆಯ ಬಾರ್ಮತ್ ಇರುವುದು ಅದರ ಮೇಲೆ. ಅಂಗಡಿಗಳ ನಡುವಿನ ಸಂದಿಗಳಲ್ಲಿ ಕಲ್ಲಿನ ಮೆಟ್ಟಿಲುಗಳು ಆರಂಭವಾಗುತ್ತವೆ. ಯಾವುದನ್ನು ಹಿಡಿದರೂ ನಡೆದೀತು, ಏರುತ್ತಿರಬೇಕು ಅಷ್ಟೆ. ಮೀನುಗಾರರೂ ನಾವಿಕರೂ ಕಟ್ಟಿಕೊಂಡ ಕಲ್ಲುಮನೆಗಳು ಇಲ್ಲಿ ಒಂದರ ನೆತ್ತಿಯ ಮೇಲೊಂದು ಕೂತಿವೆ. ಒಂದು ತಿರುವಿನಲ್ಲಿ ನಾನು ಉಸಿರು ತಿರುಗಿಸಿಕೊಳ್ಳಲು ನಿಂತಾಗ, ಮೊಣಕಾಲಿನ ಮಟ್ಟದಲ್ಲಿ, ಕೈಗೆಟಕುವಷ್ಟು ಹತ್ತಿರದಲ್ಲಿ ಹೊಗೆಗೂಡೊಂದಿತ್ತು. ಅದು ಕೆಳಗಿನ ಮನೆಯದು. ಅದರ ಪಕ್ಕದಲ್ಲಿಯೇ, ನಾನು ನಿಂತಿದ್ದ ಮೆಟ್ಟಿಲಿಗೆ ತಾಗಿ, ಮೇಲಿನ ಮನೆಯ ಹೊಸ್ತಿಲು. ಒಬ್ಬರ ಒಲೆಯ ಹೊಗೆ ಇನ್ನೊಬ್ಬರ ಬಾಗಿಲಿಗೆ ಬರುವ ಈ ಜೋಡಣೆಯನ್ನು ಹಳೆಯ ಪ್ರವಾಸಿಗರೂ ಗಮನಿಸಿ ನಕ್ಕಿದ್ದಾರೆ. ಮನೆಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಮೆಟ್ಟಿಲ ಮೇಲೆ ಕುಳಿತು ಗಟ್ಟಿಯಾಗಿ ಹರಟುವುದು, ಕಿಟಕಿಯೊಳಗೆ ಇಣುಕಿ ಫೋಟೋ ತೆಗೆಯುವುದು ಬೇಡ.

ಈ ಮನೆಗಳಲ್ಲಿ ಕೆಲವಕ್ಕೆ ಒಂದು ಕಥೆಯಿದೆ. ಬಾರ್ಮತ್‌ನಲ್ಲಿ ನೆಲೆಸಿದ್ದ ಫ್ಯಾನಿ ಟಾಲ್ಬಟ್ ಎಂಬ ಶ್ರೀಮಂತ ವಿಧವೆ, 1870ರ ದಶಕದಲ್ಲಿ, ಬಂಡೆಯ ಮೇಲಿನ ಹನ್ನೆರಡು ಹದಿಮೂರು ಮನೆಗಳನ್ನು ಚಿಂತಕ ಜಾನ್ ರಸ್ಕಿನ್ ಸ್ಥಾಪಿಸಿದ್ದ ಸೇಂಟ್ ಜಾರ್ಜ್ ಸಂಘಕ್ಕೆ ದಾನವಾಗಿ ಕೊಟ್ಟರು. ಬಡವರಿಗೆ ಕಡಿಮೆ ಬಾಡಿಗೆಗೆ ಒಳ್ಳೆಯ ಮನೆ ಸಿಗಬೇಕೆಂಬುದು ಉದ್ದೇಶ. ಪ್ಯಾರಿಸ್ಸಿನ ಮುತ್ತಿಗೆಯ ಬಳಿಕ ಇಲ್ಲಿಗೆ ಬಂದ ಓಗುಸ್ತ್ ಗ್ಯುಯಾರ್ ಎಂಬ ಫ್ರೆಂಚ್ ಆದರ್ಶವಾದಿಯೂ ಇವುಗಳಲ್ಲೊಂದರಲ್ಲಿ ಬಾಡಿಗೆಗಿದ್ದು, ಬಂಡೆಯ ಮೇಲೆ ಮಣ್ಣು ಹಾಕಿ ಗಿಡಮೂಲಿಕೆ ಬೆಳೆಯುತ್ತಿದ್ದ. ಆತನ ಸಮಾಧಿ ಮೇಲಿನ ಗುಡ್ಡದಲ್ಲಿದ್ದು, ಊರವರು ಅದನ್ನು ಫ್ರೆಂಚನ ಗೋರಿ ಎಂದೇ ಕರೆಯುತ್ತಾರೆ.

ಮನೆಗಳು ಮುಗಿದಲ್ಲಿ ಒಂದು ಚಿಕ್ಕ ಗೇಟು, ಅದರಾಚೆಗೆ ಜಾಲಿಯಂತೆ ಮುಳ್ಳು ತುಂಬಿ ಹಳದಿ ಹೂ ಬಿಡುವ ಗೋರ್ಸ್ ಪೊದೆಗಳ ಇಳಿಜಾರು ಸಿಗುತ್ತದೆ. ಇದೇ ದೀನಾಸ್ ಒಲೈ. ಬೆಳಕಿನ ಕೋಟೆ ಎಂದು ಅರ್ಥ. ನಾಲ್ಕೂವರೆ ಎಕರೆಯ ಈ ಕಡಿದಾದ ಗುಡ್ಡವನ್ನು ನೋಡಿದರೆ ಇದರಲ್ಲೇನಿದೆ ಎನಿಸುವುದು ಸಹಜ. ಆದರೆ ಇಂದು ಬ್ರಿಟನ್ನಿನಲ್ಲಿ ನೂರಾರು ಅರಮನೆ, ತೋಟ ಮತ್ತು ಕಡಲತೀರಗಳನ್ನು ಕಾಯುತ್ತಿರುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಬಂದ ಮೊಟ್ಟಮೊದಲ ಆಸ್ತಿ ಇದು. ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್ ಮತ್ತು ಹಾರ್ಡ್‌ವಿಕ್ ರಾನ್ಸ್‌ಲಿ ಅವರು 1895ರ ಜನವರಿಯಲ್ಲಿ ಟ್ರಸ್ಟನ್ನು ಸ್ಥಾಪಿಸಿದರು; ಅದೇ ವರ್ಷ ಫ್ಯಾನಿ ಟಾಲ್ಬಟ್ ಈ ಜಾಗವನ್ನು ಕೊಟ್ಟರು. ಕಡಲತೀರದ ಊರುಗಳಲ್ಲೆಲ್ಲ ಹೋಟೆಲುಗಳೂ ಕಬ್ಬಿಣದ ಬೇಲಿಗಳೂ ಏಳುತ್ತಿದ್ದ ಕಾಲದಲ್ಲಿ, ಈ ತುಂಡು ಮಾತ್ರ ಯಾವ ಅಲಂಕಾರವೂ ಇಲ್ಲದೆ ಇದ್ದಂತೆಯೇ ಉಳಿಯಬೇಕೆಂಬುದು ಅವರ ಬಯಕೆ. ಅದು ನಡೆದಿದೆ. ಟಿಕೆಟ್ ಇಲ್ಲ, ಅಂಗಡಿಯಿಲ್ಲ. ಒಂದೆರಡು ಬೆಂಚುಗಳಿವೆ, ಗಾಳಿಯಿದೆ. ಅರ್ಧ ಗಂಟೆಯಾದರೂ ಇಲ್ಲಿ ಕುಳಿತುಕೊಳ್ಳಿ. ಕೆಳಗಿನ ಛಾವಣಿಗಳು, ಬಂದರು, ಸೇತುವೆ, ಆಚೆ ದಡದ ಮರಳಿನ ನಾಲಿಗೆ ಎಲ್ಲವೂ ನಕಾಶೆ ಬಿಡಿಸಿಟ್ಟಂತೆ ಕಾಣುವುದರಿಂದ ಮುಂದಿನ ದಾರಿ ಇಲ್ಲಿಯೇ ಮನಸ್ಸಿನಲ್ಲಿ ಕೂರುತ್ತದೆ. ಮಳೆ ಬಂದ ಮೇಲೆ ಇಲ್ಲಿನ ಸ್ಲೇಟುಕಲ್ಲು ಪಾಚಿ ಕಟ್ಟಿದ ಬಾವಿಕಟ್ಟೆಯಂತೆ ಜಾರುತ್ತದೆ. ಚಪ್ಪಲಿಯಲ್ಲಿ ಬರಬೇಡಿ.

ಕಾಲಿನಲ್ಲಿ ಇನ್ನೂ ಕಸುವಿದ್ದರೆ ಊರಿನ ಪೂರ್ವಕ್ಕಿರುವ ಪನೋರಮಾ ವಾಕ್ ಎಂಬ ಹಳೆಯ ಕಾಲುದಾರಿಯವರೆಗೂ ಹೋಗಬಹುದು. ವಿಕ್ಟೋರಿಯನ್ ಕಾಲದ ಪ್ರವಾಸಿಗರು ಅಳಿವೆಯ ನೋಟಕ್ಕಾಗಿಯೇ ಏರುತ್ತಿದ್ದ ದಾರಿ ಅದು. ಚಾರ್ಲ್ಸ್ ಡಾರ್ವಿನ್ 1869ರ ಬೇಸಿಗೆಯಲ್ಲಿ ಕುಟುಂಬದೊಡನೆ ತಂಗಿದ್ದ ಕೈರ್‌ದೆಯಾನ್ ಎಂಬ ಮನೆಯೂ ಇದೇ ದಡದಲ್ಲಿ, ಇನ್ನೂ ಒಳಗಡೆಗಿದೆ.

ಇಳಿಯುವಾಗ ಸೇಂಟ್ ಜಾನ್ ಚರ್ಚಿನ ಕಡೆಯಿಂದ ಬನ್ನಿ. ಊರಿನ ಗಾತ್ರಕ್ಕೆ ಹೋಲಿಸಿದರೆ ಈ ಕಟ್ಟಡ ಅತಿಯಾಯಿತು ಎನಿಸುತ್ತದೆ. ವೂಸ್ಟರ್ ಸಾಸ್ ಮಾರಿ ಸಿರಿವಂತರಾದ ಪೆರಿನ್ಸ್ ಮನೆತನದ ಹಣ ಇದಕ್ಕೆ ಹರಿದುಬಂತು. ಕಟ್ಟುತ್ತಿರುವಾಗಲೇ, 1891ರಲ್ಲಿ, ಗೋಪುರ ಕುಸಿದುಬಿದ್ದು ಮತ್ತೆ ಕಟ್ಟಬೇಕಾಯಿತು.

ಬಂದರುಕಟ್ಟೆ

ಸಂಜೆಯ ಹೊತ್ತನ್ನು ಬಂದರುಕಟ್ಟೆಗೆ ಇಟ್ಟುಕೊಳ್ಳಿ. ಪ್ರವಾಸಿಗರು ಬರುವುದಕ್ಕೆ ಮೊದಲು ಇಲ್ಲಿ ಹಡಗು ಕಟ್ಟುತ್ತಿದ್ದರು. ಒಳನಾಡಿನ ಡೊಲ್ಗೆಥ್ಲೈ ಸುತ್ತಮುತ್ತ ನೇಯ್ದ ಒರಟು ಉಣ್ಣೆಬಟ್ಟೆಯನ್ನು ಇಲ್ಲಿಂದ ಸಾಗಿಸುತ್ತಿದ್ದರು. ಆ ಬಟ್ಟೆಯ ಒಂದು ಪಾಲು ಅಟ್ಲಾಂಟಿಕ್‌ನಾಚೆಯ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರ ಮೈಗೆ ಹೋಗುತ್ತಿತ್ತು. ಗುಡ್ಡದ ಕುರಿ, ಗುಡಿಸಲಿನ ಮಗ್ಗ ಎಂದು ಚೆಂದವಾಗಿ ವರ್ಣಿಸುವ ಮಾರ್ಗದರ್ಶಿ ಪುಸ್ತಕಗಳು ಇದನ್ನು ಹೇಳದೆ ಬಿಡುವುದುಂಟು. 1867ರಲ್ಲಿ ರೈಲು ಬಂದ ಮೇಲೆ ಹಡಗಿನ ವ್ಯಾಪಾರ ಕುಗ್ಗಿ, ಊರು ಪ್ರವಾಸಿಗರನ್ನು ನಂಬಿ ಬದುಕತೊಡಗಿತು.

ಕಟ್ಟೆಯ ಬಳಿ ನಾಲ್ಕು ವಸ್ತುಗಳನ್ನು ನೋಡಬೇಕು. ಟೀ ಗ್ವಿನ್, ಅಂದರೆ ಬಿಳಿಮನೆ, ಹದಿನೈದನೆಯ ಶತಮಾನದ ಕಲ್ಲಿನ ಕಟ್ಟಡ. ಜ್ಯಾಸ್ಪರ್ ಟ್ಯೂಡರ್ ತನ್ನ ಅಣ್ಣನ ಮಗ ಹೆನ್ರಿಯನ್ನು ಇಂಗ್ಲೆಂಡಿನ ಸಿಂಹಾಸನದ ಮೇಲೆ ಕೂರಿಸಲು ಇಲ್ಲಿ ಸಂಚು ಹೂಡಿದನೆಂದು ಪ್ರತೀತಿಯಿದೆ. ಆ ಹೆನ್ರಿ 1485ರಲ್ಲಿ ಏಳನೆಯ ಹೆನ್ರಿಯಾದದ್ದು ಇತಿಹಾಸ. ಇದರ ಹಿಂಬದಿಗೆ, ಸ್ವಲ್ಪ ಮೇಲೆ, ಟೀ ಕ್ರೂನ್ ಎಂಬ ದುಂಡುಮನೆಯಿದೆ. ಕುಡಿದು ಗಲಾಟೆ ಮಾಡುವ ನಾವಿಕರನ್ನು ರಾತ್ರಿ ಕೂಡಿಹಾಕಲು 1834ರಲ್ಲಿ ಕಟ್ಟಿದ ಲಾಕಪ್ ಇದು. ಒಳಗೆ ನಡುಗೋಡೆ ಹಾಕಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಪಾಲು ಮಾಡಿದ್ದಾರೆ. ಮುಂದೆ ಮೌದಖ್‌ನ ಉತ್ತರ ದಡದ ಗುಡ್ಡಗಳಲ್ಲಿ ಚಿನ್ನ ಸಿಕ್ಕಾಗ ಗಣಿ ಕಾರ್ಮಿಕರೂ ಇದರ ಅತಿಥಿಗಳಾದರು. ಕ್ಲೋಗೈ ಗಣಿಯ ಆ ಚಿನ್ನದಿಂದಲೇ ಬ್ರಿಟಿಷ್ ರಾಜಮನೆತನದ ಮದುವೆಯ ಉಂಗುರಗಳನ್ನು ಮಾಡಿಸಿದ್ದಾರೆ. ಮೂರನೆಯದು 1890ರ ನಾವಿಕರ ವಾಚನಾಲಯ. ದಡಕ್ಕೆ ಬಂದವರು ಹೆಂಡದಂಗಡಿಗೆ ಹೋಗದೆ ಪತ್ರಿಕೆ ಓದುತ್ತ ಕೂರಲಿ ಎಂದು ಮಾಡಿದ ವ್ಯವಸ್ಥೆ. ದುಂಡುಮನೆಯನ್ನು ನೋಡಿದ ಮೇಲೆ ಇದನ್ನು ನೋಡಿದರೆ, ಒಂದೇ ಸಮಸ್ಯೆಗೆ ಅರ್ಧ ಶತಮಾನದ ಅಂತರದಲ್ಲಿ ಹುಡುಕಿದ ಎರಡು ಪರಿಹಾರಗಳು ಅಕ್ಕಪಕ್ಕದಲ್ಲಿ ಸಿಗುತ್ತವೆ.

ನಾಲ್ಕನೆಯದನ್ನು ಜನ ಬೆನ್ನೊರಗಿಸಿ ಚಿಪ್ಸ್ ತಿನ್ನುತ್ತ ಕಡೆಗಣಿಸುತ್ತಾರೆ. ಮೂರು ತಲೆಮಾರಿನ ಮೀನುಗಾರರು ಬಲೆಯನ್ನು ಎಳೆಯುತ್ತಿರುವ ಅಮೃತಶಿಲೆಯ ಶಿಲ್ಪವದು. ಹೆಸರು ಕೊನೆಯ ಸೆಳೆತ, ಕೆತ್ತಿದವರು ಫ್ರ್ಯಾಂಕ್ ಕಾಕ್ಸಿ. ಬಾರ್ಮತ್‌ನ ಉತ್ತರಕ್ಕೆ, ತಾಲ್-ಇ-ಬಾಂಟ್ ಎದುರಿನ ಕಡಲಿನಲ್ಲಿ, ಇಟಲಿಯ ಕರಾರಾ ಅಮೃತಶಿಲೆಯನ್ನು ಹೇರಿಕೊಂಡ ಹಡಗೊಂದು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಮುಳುಗಿತು. 1978ರಲ್ಲಿ ಮುಳುಗುಗಾರರಿಗೆ ಸಿಕ್ಕ ಅದರ ಕಂಚಿನ ಗಂಟೆಯ ಮೇಲೆ 1677 ಎಂಬ ಇಸವಿಯಿದ್ದುದರಿಂದ ಆ ಅವಶೇಷಕ್ಕೆ ಕಂಚಿನ ಗಂಟೆಯ ಹಡಗು ಎಂದೇ ಹೆಸರಾಯಿತು. ಹೊರೆಯ ಒಂದು ಬಂಡೆಯನ್ನು ಮೇಲೆತ್ತಿ ಈ ಶಿಲ್ಪವನ್ನು ಕಡೆದಿದ್ದಾರೆ. ಹತ್ತಿರ ಹೋಗಿ ಕಲ್ಲಿನ ಮೈಯನ್ನು ನೋಡಿ: ಕೆತ್ತದೆ ಬಿಟ್ಟ ಭಾಗದಲ್ಲಿ, ಶತಮಾನಗಳ ಕಾಲ ಕಡಲತಳದಲ್ಲಿದ್ದಾಗ ಸಮುದ್ರಜೀವಿಗಳು ಕೊರೆದ ತೂತುಗಳು ಹಾಗೆಯೇ ಇವೆ. ಬೆರಳಿಟ್ಟರೆ ಒಳಗೆ ಹೋಗುತ್ತದೆ.

ಊಟದ ಬಗ್ಗೆ ಒಂದೇ ಮಾತು. ಸಸ್ಯಾಹಾರಿಗಳು ಚಿಪ್ಸ್ ಕೊಳ್ಳುವ ಮುನ್ನ ಅದನ್ನು ಯಾವುದರಲ್ಲಿ ಕರಿದದ್ದು ಎಂದು ಕೇಳಬೇಕು. ಬ್ರಿಟನ್ನಿನ ಕೆಲವು ಅಂಗಡಿಗಳಲ್ಲಿ ಎಣ್ಣೆಯ ಬದಲು ದನದ ಕೊಬ್ಬನ್ನು ಬಳಸುವ ರೂಢಿಯಿದೆ. ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಕೈಯಲ್ಲಿರುವುದನ್ನು ಕಡಲಹಕ್ಕಿಗಳಿಂದ ಕಾಪಾಡಿಕೊಳ್ಳುವುದು ನಿಮ್ಮ ಜವಾಬ್ದಾರಿ.

ಎರಡನೆಯ ದಿನ: ಅಳಿವೆಯ ಸುತ್ತು

ಬೆಳಿಗ್ಗೆ ಬಂದರುಕಟ್ಟೆಗೆ ಬಂದು, ಆಚೆ ದಡದ ಪೆನ್ರಿನ್ ಪಾಯಿಂಟ್‌ಗೆ ಹೋಗುವ ಚಿಕ್ಕ ದೋಣಿಯನ್ನು ಹತ್ತಿ. ದೋಣಿ ಹೊರಡುವುದು ಭರತ ಮತ್ತು ಗಾಳಿಯನ್ನು ಅವಲಂಬಿಸಿದೆಯಾದ್ದರಿಂದ ಹಿಂದಿನ ಸಂಜೆಯೇ ವಿಚಾರಿಸಿಟ್ಟುಕೊಳ್ಳಬೇಕು. ಇಳಿತದ ಹೊತ್ತಿನಲ್ಲಿ ಆಚೆ ದಡ ಕೈಗೆ ಸಿಕ್ಕಂತೆ ಕಾಣುತ್ತದೆ. ಮರಳಿನ ಮೇಲೆ ನಡೆದೇ ಹೋಗೋಣವೆಂಬ ಯೋಚನೆಯನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ನಡುವಿನ ಕಾಲುವೆಯ ಸೆಳೆತ ಬಲವಾದದ್ದು, ಭರತ ಏರುವುದು ನಡಿಗೆಗಿಂತ ವೇಗವಾಗಿ. ಈ ಊರಿನಲ್ಲಿ 1828ರಿಂದ ಜೀವರಕ್ಷಕ ದೋಣಿಯನ್ನು ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ.

ಪೆನ್ರಿನ್ ಪಾಯಿಂಟ್‌ನಲ್ಲಿ ಫೇರ್‌ಬೋರ್ನ್ ರೈಲು ಕಾದಿರುತ್ತದೆ. 1890ರ ದಶಕದಲ್ಲಿ ಇಟ್ಟಿಗೆ, ಗಾರೆ ಸಾಗಿಸಲು ಕುದುರೆ ಎಳೆಯುವ ಟ್ರಾಮಾಗಿ ಆರಂಭವಾದ ಇದರ ಹಳಿಗಳ ನಡುವಿನ ಅಂತರ ಇಂದು ಹನ್ನೆರಡೂಕಾಲು ಅಂಗುಲ ಮಾತ್ರ. ಮೊಣಕಾಲು ಮಡಚಿ ಕೂರಬೇಕು. ಎಂಜಿನ್‌ಗಳಲ್ಲಿ ಒಂದರ ಹೆಸರು ಶೆರ್ಪಾ. ನಮ್ಮ ಡಾರ್ಜಿಲಿಂಗ್ ಹಿಮಾಲಯ ರೈಲ್ವೆಯ ಬಿ ವರ್ಗದ ಎಂಜಿನ್ನನ್ನು ನೋಡಿಕೊಂಡು ಕುಗ್ಗಿಸಿದ ಗಾತ್ರದಲ್ಲಿ ಮಾಡಿದ್ದು ಅದು. ದಾರಿಯ ಒಂದು ತಂಗುದಾಣಕ್ಕೆ, ಪ್ರವಾಸಿಗರನ್ನು ಸೆಳೆಯಲೆಂದೇ, ಒಂದೇ ಉಸಿರಿನಲ್ಲಿ ಓದಲಾಗದಷ್ಟು ಉದ್ದದ ವೆಲ್ಷ್ ಹೆಸರೊಂದನ್ನು ಹೊಸೆದಿಟ್ಟಿದ್ದರು. ಅದರೊಳಗೆ ಬರುವ 'ಡ್ರ್ಯಾಗನ್ನಿನ ಹಲ್ಲುಗಳು' ಎಂಬ ಮಾತು, ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳನ್ನು ತಡೆಯಲು ತೀರದುದ್ದಕ್ಕೂ ನೆಟ್ಟ ಕಾಂಕ್ರೀಟ್ ದಿಂಡುಗಳನ್ನು ಸೂಚಿಸುತ್ತದೆ. ದಿಂಡುಗಳು ಇಂದಿಗೂ ಸಾಲಾಗಿ ನಿಂತಿವೆ. ರೈಲು ಮುಟ್ಟುವ ಫೇರ್‌ಬೋರ್ನ್ ಹಳ್ಳಿ ತಗ್ಗಿನ ನೆಲದ ಮೇಲಿದೆ. ಏರುತ್ತಿರುವ ಕಡಲಿನಿಂದ ಅದನ್ನು 2054ರ ಆಚೆಗೆ ಕಾಪಾಡಲಾಗದೆಂದು ಆಡಳಿತ ಹೇಳಿದ ಮೇಲೆ ಮನೆಗಳ ಬೆಲೆ ಇಳಿದು, ಜನ ಕಂಗಾಲಾದರು. ಇಲ್ಲಿ ಇದರ ಬಗ್ಗೆ ಕುತೂಹಲದ ಪ್ರಶ್ನೆಗಳನ್ನು ಕೇಳುವ ಮೊದಲು ಎರಡು ಸಲ ಯೋಚಿಸಿ.

ಫೇರ್‌ಬೋರ್ನ್‌ನಿಂದ ಮೌರ್ಫಾ ಮೌದಖ್‌ಗೆ ದೊಡ್ಡ ರೈಲಿನಲ್ಲಿ ಒಂದೇ ನಿಲ್ದಾಣ, ನಡೆದೂ ಹೋಗಬಹುದು. ಅದು ಕೋರಿಕೆಯ ನಿಲ್ದಾಣವಾದ್ದರಿಂದ ಇಳಿಯಬೇಕಾದವರು ಗಾರ್ಡಿಗೆ ಮೊದಲೇ ಹೇಳಬೇಕು. ಇಲ್ಲಿಂದ ಡೊಲ್ಗೆಥ್ಲೈವರೆಗೆ, 1965ರಲ್ಲಿ ಮುಚ್ಚಿದ ರೈಲುಮಾರ್ಗದ ಮೇಲೆ, ಸೈಕಲ್ ಮತ್ತು ಕಾಲುದಾರಿ ಸಾಗುತ್ತದೆ. ಮೂರನೆಯ ದಿನವೊಂದಿದ್ದರೆ ಅದನ್ನು ಇದಕ್ಕೇ ಮೀಸಲಿಡಬಹುದು. ನಡುವಿನ ಪೆನ್ಮೈನ್‌ಪೂಲ್‌ನಲ್ಲಿ ಸುಂಕ ತೆತ್ತು ದಾಟುವ 1879ರ ಮರದ ಸೇತುವೆಯಿದೆ. 1966ರ ಜುಲೈಯಲ್ಲಿ ಬಾರ್ಮತ್‌ನಿಂದ ವಿಹಾರಕ್ಕೆ ಹೊರಟ ದೋಣಿಯೊಂದು ಅದಕ್ಕೆ ಬಡಿದು 15 ಮಂದಿ ಪ್ರಾಣ ಕಳೆದುಕೊಂಡರು.

ಈಗ ಬಾರ್ಮತ್ ಸೇತುವೆ. ಮುಕ್ಕಾಲು ಕಿಲೋಮೀಟರಿನ ಆಸುಪಾಸು ಉದ್ದವಿರುವ ಇದನ್ನು ಸಾಧಾರಣ ನಡಿಗೆಯಲ್ಲಿ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ದಾಟಬಹುದು; ನೀವು ಒಂದು ಗಂಟೆ ತೆಗೆದುಕೊಳ್ಳಿ. 1867ರಲ್ಲಿ ತೆರೆದ ಈ ಸೇತುವೆಯನ್ನು ಬೆಂಜಮಿನ್ ಪಿಯರ್ಸಿ ಮತ್ತು ಹೆನ್ರಿ ಕಾನಿಬೇರ್ ವಿನ್ಯಾಸಗೊಳಿಸಿದರು. ಕಾನಿಬೇರ್ ಇದಕ್ಕೆ ಮೊದಲು ಮುಂಬಯಿಯಲ್ಲಿ ವಿಹಾರ್ ಜಲಾಶಯವನ್ನು ರೂಪಿಸಿ ಆ ನಗರಕ್ಕೆ ನಲ್ಲಿನೀರು ತಂದ ಎಂಜಿನಿಯರ್. ಕೊಲಾಬಾದ ಅಫ್ಘನ್ ಚರ್ಚಿನ ವಿನ್ಯಾಸವೂ ಆತನದೇ. ಅಳಿವೆಯ ತಳದಲ್ಲಿ ಆಳದವರೆಗೂ ಮರಳೇ ಇದ್ದು, ಮರದ ಕಂಬಗಳನ್ನು ಹೂತು 113 ಕಣ್ಣುಗಳ ಸೇತುವೆಯನ್ನು ನಿಲ್ಲಿಸಿದರು. ಬಾರ್ಮತ್ ದಡದ ಕಡೆಗೆ ಮಾತ್ರ ಆಳವಾದ ಕಾಲುವೆ ಹರಿಯುವುದರಿಂದ ಅಲ್ಲಿ ಲೋಹದ ತೊಲೆಗಳಿವೆ. ಹಡಗುಗಳು ಒಳಗೆ ಹೋಗಲೆಂದು ಆ ಭಾಗವನ್ನು ತೆರೆಯುವಂತೆ ಮಾಡಿದ್ದರು.

ಮರದ ಸೇತುವೆಗೆ ಇಲ್ಲಿ ಅಲೆಗಿಂತ ದೊಡ್ಡ ಶತ್ರು ಹಡಗುಹುಳು. ಹೆಸರಿಗೆ ಹುಳುವಾದರೂ ಅದು ಮಳಿ, ಚಿಪ್ಪುಗಳ ಬಳಗಕ್ಕೆ ಸೇರಿದ ಜೀವಿ. ನೀರಿನಲ್ಲಿ ಮುಳುಗಿದ ಮರವನ್ನು ಒಳಗಿಂದೊಳಗೆ ಕೊರೆದು ಟೊಳ್ಳು ಮಾಡುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. 1980ರಲ್ಲಿ ಪರೀಕ್ಷಿಸಿದಾಗ ಕಂಬಗಳು ಹೀಗೆ ಶಿಥಿಲವಾಗಿರುವುದು ಕಂಡು ಗಾಡಿಗಳನ್ನು ನಿಲ್ಲಿಸಬೇಕಾಯಿತು; ಮಾರ್ಗವನ್ನೇ ಮುಚ್ಚಿಬಿಡುತ್ತಾರೆಂಬ ಭಯವೂ ಹರಡಿತ್ತು. 2020ರಿಂದ 2023ರವರೆಗೆ ಸುಮಾರು 3 ಕೋಟಿ ಪೌಂಡ್ ವೆಚ್ಚದಲ್ಲಿ, ಹಂತ ಹಂತವಾಗಿ ಹಳೆಯ ಮರವನ್ನು ಬಿಚ್ಚಿ ಹೊಸದನ್ನು ಜೋಡಿಸಿ, ಲೋಹದ ಭಾಗವನ್ನೂ ಬದಲಾಯಿಸಿದರು. ಪರಂಪರೆಯ ಕಟ್ಟಡವೆಂದು ಪಟ್ಟಿಯಲ್ಲಿರುವುದರಿಂದ ಮೊದಲಿನ ರೂಪವನ್ನೇ ಉಳಿಸಬೇಕಾಗಿತ್ತು. ನಡುವೆ ಒಂದೆಡೆ ನಿಂತು ಕಾಲಡಿಯ ಹಲಗೆಗಳ ಸಂದಿಯಿಂದ ನೋಡಿದರೆ ಕಂಬಗಳ ಸುತ್ತ ನೀರು ಸುಳಿ ಸುತ್ತುವುದು ಕಾಣುತ್ತದೆ. ರೈಲು ಬಂದರೆ ಹೆದರಬೇಕಾಗಿಲ್ಲ, ನಡುವೆ ಬೇಲಿಯಿದೆ. ಮೊದಲು ಹಲಗೆ ಸಣ್ಣಗೆ ಕಂಪಿಸುವುದು ಅಂಗಾಲಿಗೆ ತಿಳಿಯುತ್ತದೆ, ಆಮೇಲೆ ಸದ್ದು ಕೇಳುತ್ತದೆ.

ಸೇತುವೆಯ ಬಾರ್ಮತ್ ತುದಿಯನ್ನು ತಲುಪುವಾಗ ಒಳನಾಡಿನ ಕಡೆಗೆ ನೋಡಿದರೆ ಅಳಿವೆಯ ಉತ್ತರ ದಡದ ಮರಗಳ ನಡುವೆ ಬೊಡೊವೆನ್ ಎಂಬ ಮನೆಯಿರುವ ಜಾಗ ಸಿಗುತ್ತದೆ. 1936ರ ಆಗಸ್ಟಿನಲ್ಲಿ ನೋಯೆಲ್ ಓಡೆಲ್ ಜೊತೆಗೂಡಿ 7,816 ಮೀಟರ್ ಎತ್ತರದ ನಂದಾದೇವಿಯನ್ನು ಮೊದಲ ಬಾರಿಗೆ ಏರಿದ ಬಿಲ್ ಟಿಲ್ಮನ್ ಅಲ್ಲಿ ವಾಸವಾಗಿದ್ದ. 1950ರವರೆಗೆ ಮನುಷ್ಯ ತುದಿ ಮುಟ್ಟಿದ ಅತಿ ಎತ್ತರದ ಶಿಖರ ಅದೇ ಆಗಿತ್ತು. ವಯಸ್ಸಾದ ಮೇಲೆ ಹಿಮಾಲಯವನ್ನು ಬಿಟ್ಟು ಹಳೆಯ ಹಾಯಿಹಡಗುಗಳಲ್ಲಿ ಧ್ರುವಪ್ರದೇಶದ ಕಡೆಗೆ ಹೊರಟ ಟಿಲ್ಮನ್ 1977ರಲ್ಲಿ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಕಣ್ಮರೆಯಾದ. ಅದೇ ವರ್ಷ, ಬಾರ್ಮತ್‌ನಿಂದ ಹಾಯಿದೋಣಿಯಲ್ಲಿ ಹೊರಟು ವೇಲ್ಸ್, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳ ಅತಿ ಎತ್ತರದ ಮೂರು ಬೆಟ್ಟಗಳನ್ನು ಓಡಿ ಹತ್ತಿ ಇಳಿಯುವ ಸ್ಪರ್ಧೆ ಆರಂಭವಾಯಿತು.

ಊರಿಗೆ ಮರಳಿದ ಮೇಲೆ, ಗಾಡಿಗೆ ಹೊತ್ತು ಉಳಿದಿದ್ದರೆ, ಆಗ ಮರಳಿನ ತೀರಕ್ಕೆ ಹೋಗಬಹುದು. ಹಿಂದಿರುಗುವ ರೈಲಿನಲ್ಲಿ ಎಡಗಡೆ ಕುಳಿತುಕೊಳ್ಳಿ, ಅಳಿವೆಯ ಒಳಭಾಗ ಆ ಬದಿಗೆ ಬರುತ್ತದೆ.